ಇಂಟರ್‌ವ್ಯೂಗೆ ಹೊರಟಿರುವ ಗೆಳೆಯನಿಗೆ

ಪ್ರೀತಿಯ ಗೆಳೆಯ,

ಗುರುವಾರದ ಇಂಟರ್‌ವ್ಯೂ ಹೊತ್ತಿಗೆ ಈ ಭಯ ಹೋಗುತ್ತಾ ಅಂತ ಕೇಳಿದ್ದೀಯ, ಮೊದಲು ಅದಕ್ಕೆ ಉತ್ತರ ಹೇಳಿಬಿಡುತ್ತೇನೆ. ಇಲ್ಲ, ಗುರುವಾರದ ಹೊತ್ತಿಗೆ ನಿನ್ನ ಭಯ ಹೋಗಿರುವುದಿಲ್ಲ. ಹೋಗಲೇಬೇಕು ಅಂತಲೂ ಇಲ್ಲ. ಭಯ ಇದ್ದರೂ ಮಾತು ಹೊರಗೆ ಬಂದರೆ ಸಾಕು. ನಾವು ತಯಾರಿ ಮಾಡಬೇಕಾಗಿರುವುದು ಅದಕ್ಕೆ.

ಬಾಯಿ ಒಣಗುತ್ತದೆ, ಕೈ ತಣ್ಣಗಾಗುತ್ತದೆ, ಎದೆ ಹೊಡೆದುಕೊಳ್ಳುತ್ತದೆ ಅಂತ ಬರೆದಿದ್ದೀಯ. ಅದೆಲ್ಲ ಅಡ್ರಿನಲಿನ್ ಅನ್ನುವ ಹಾರ್ಮೋನು ಮಾಡುವ ಕೆಲಸ. ಮುಖ್ಯವಾದದ್ದೇನೋ ಬರುತ್ತಿದೆ ಅಂತ ದೇಹಕ್ಕೆ ಗೊತ್ತಾದ ಕೂಡಲೇ ಅದು ರಕ್ತವನ್ನು ಚರ್ಮದ ಕಡೆಯಿಂದ ಸ್ನಾಯುಗಳ ಕಡೆಗೆ ತಿರುಗಿಸುತ್ತದೆ. ಜೊಲ್ಲು ಕಡಿಮೆಯಾಗುತ್ತದೆ, ಹೃದಯದ ಬಡಿತ ಜೋರಾಗುತ್ತದೆ. ನೀನು ಕೈಲಾಗದವನು ಅನ್ನುವುದಕ್ಕೆ ಇದು ಗುರುತಲ್ಲ ಕಣೋ. ಈ ಕೆಲಸ ನಿನಗೆ ಬೇಕು, ಅಷ್ಟೇ ಅದರ ಅರ್ಥ.

ಆ ಹೊತ್ತಿನಲ್ಲಿ "ಶಾಂತವಾಗಿರು, ಶಾಂತವಾಗಿರು" ಅಂತ ನಿನಗೆ ನೀನೇ ಹೇಳಿಕೊಳ್ಳಬೇಡ. 2014ರಲ್ಲಿ ಆಲಿಸನ್ ವುಡ್ ಬ್ರೂಕ್ಸ್ ಅನ್ನುವ ಸಂಶೋಧಕಿ ಇದನ್ನೇ ಪರೀಕ್ಷೆ ಮಾಡಿ ನೋಡಿದ್ದರು. ಭಾಷಣ ಮಾಡುವ ಮುಂಚೆ ಕೆಲವರಿಂದ "ನಾನು ಶಾಂತವಾಗಿದ್ದೇನೆ" ಅಂತ ಹೇಳಿಸಿದರು, ಕೆಲವರಿಂದ "ನನಗೆ ಹುರುಪು ಬಂದಿದೆ" ಅಂತ ಹೇಳಿಸಿದರು. ಹುರುಪು ಅಂದವರು ಚೆನ್ನಾಗಿ ಮಾತಾಡಿದರು. ಹೊಡೆದುಕೊಳ್ಳುತ್ತಿರುವ ಎದೆಯನ್ನು ಒಮ್ಮೆಲೇ ತಣ್ಣಗೆ ಮಾಡುವುದು ಕಷ್ಟ, ಅದೇ ಬಡಿತವನ್ನು ಹುರುಪು ಅಂದುಕೊಳ್ಳುವುದು ಸುಲಭ. ಇದರ ಜೊತೆಗೆ ಉಸಿರು ಬಿಡುವುದನ್ನು ನಿಧಾನ ಮಾಡು. ಉಸಿರು ಬಿಡುವಾಗ ಹೃದಯದ ವೇಗ ತಾನಾಗಿಯೇ ಸ್ವಲ್ಪ ಇಳಿಯುತ್ತದೆ. ಹಾಗಾಗಿ ಎಳೆದುಕೊಂಡದ್ದಕ್ಕಿಂತ ಜಾಸ್ತಿ ಹೊತ್ತು ಬಿಡು. ಹೊರಗೆ ಕುರ್ಚಿಯಲ್ಲಿ ಕಾಯುತ್ತಾ ಕೂತಾಗ ಮಾಡಿದರೆ ಯಾರಿಗೂ ಗೊತ್ತಾಗುವುದಿಲ್ಲ. ಸೊಂಟದ ಮೇಲೆ ಕೈಯಿಟ್ಟು ಎದೆಯುಬ್ಬಿಸಿ ನಿಂತರೆ ಧೈರ್ಯದ ಹಾರ್ಮೋನು ಏರುತ್ತದೆ ಅಂತ ಯಾರಾದರೂ ಹೇಳಿದರೆ ಅದನ್ನು ನಂಬಿಕೊಂಡು ಕೂರಬೇಡ. 2010ರಲ್ಲಿ ಹಾಗೆ ಹೇಳಿದ ಅಧ್ಯಯನವೊಂದು ಬಂತು ನಿಜ. 2015ರಲ್ಲಿ ಇನ್ನೂ ಹೆಚ್ಚು ಜನರ ಮೇಲೆ ಅದನ್ನೇ ಮಾಡಿ ನೋಡಿದಾಗ ಹಾರ್ಮೋನಿನಲ್ಲಿ ಅಂಥ ಬದಲಾವಣೆ ಕಾಣಲಿಲ್ಲ.

ಈಗ ನಿನ್ನ ತಯಾರಿಯ ವಿಷಯ. ನನಗೆ ಚಿಂತೆ ಇರುವುದು ಇಲ್ಲೇ. "ಎಲ್ಲಾ ಓದಿದ್ದೀನಿ" ಅಂದೆ. ಓದಿದ್ದು ಸಾಲದು. ರೋಡಿಗರ್ ಮತ್ತು ಕಾರ್ಪಿಕೆ ಅನ್ನುವ ಸಂಶೋಧಕರು 2006ರಲ್ಲಿ ವಿದ್ಯಾರ್ಥಿಗಳಿಗೆ ಒಂದು ಪಾಠ ಕೊಟ್ಟು, ಕೆಲವರಿಗೆ ಅದನ್ನೇ ಮತ್ತೆ ಓದಲು ಹೇಳಿದರು. ಇನ್ನು ಕೆಲವರಿಗೆ ಪುಸ್ತಕ ನೋಡದೆ ನೆನಪಿನಿಂದ ಬರೆಯಲು ಹೇಳಿದರು. 5 ನಿಮಿಷದ ನಂತರ ಕೇಳಿದಾಗ ಮತ್ತೆ ಓದಿದವರೇ ಮುಂದಿದ್ದರು. ಒಂದು ವಾರ ಬಿಟ್ಟು ಕೇಳಿದಾಗ ನೆನಪಿನಿಂದ ಬರೆದವರು ಮುಂದಿದ್ದರು. ಮತ್ತೆ ಮತ್ತೆ ಓದುತ್ತಾ ಹೋದರೆ ಎಲ್ಲಾ ಬರುತ್ತದೆ ಅನ್ನಿಸುತ್ತದೆ. ಆ ಅನ್ನಿಸಿಕೆಯೇ ಮೋಸ ಮಾಡುವುದು. ಇಂಟರ್‌ವ್ಯೂನಲ್ಲಿ ಕಣ್ಣಿಗೆ ಕೆಲಸ ಇರುವುದಿಲ್ಲ, ಬಾಯಿಗೆ ಇರುತ್ತದೆ. ಹಾಗಾಗಿ ಇವತ್ತಿನಿಂದ ನೋಟ್ಸ್ ಮುಚ್ಚಿಡು, ಬಾಗಿಲು ಹಾಕಿಕೊಂಡು ಕುರ್ಚಿಯಲ್ಲಿ ನೆಟ್ಟಗೆ ಕೂತು ಗಟ್ಟಿಯಾಗಿ ಉತ್ತರ ಹೇಳು. ಫೋನಿನಲ್ಲಿ ರೆಕಾರ್ಡ್ ಮಾಡಿ ಕೇಳು. ನಿನ್ನ ದನಿ ನಿನಗೇ ಇಷ್ಟ ಆಗದಿದ್ದರೂ ಕೇಳು. ಎಲ್ಲಿ ಎಳೆಯುತ್ತೀಯ, ಎಲ್ಲಿ ಹಾರಿಸುತ್ತೀಯ ಅನ್ನುವುದು ಆಗಲೇ ಗೊತ್ತಾಗುವುದು.

ಆದರೆ ಉತ್ತರಗಳನ್ನು ಪದಕ್ಕೆ ಪದ ಬಾಯಿಪಾಠ ಮಾಡಬೇಡ. ಒಂದು ಪದ ಮರೆತರೆ ಮುಂದಿನದೆಲ್ಲ ಕೈಬಿಟ್ಟು ಹೋಗುತ್ತದೆ. ಅದರ ಬದಲು ಘಟನೆಗಳನ್ನು ನೆನಪಿಟ್ಟುಕೋ. ಏನಾಗಿತ್ತು, ನೀನೇನು ಮಾಡಿದೆ, ಕೊನೆಗೆ ಏನಾಯಿತು. ನಿನ್ನ ಹಳೇ ಕೆಲಸದಲ್ಲಿ ಒಂದು ವರ್ಷದ ಕೊನೆಗೆ ಸ್ಟೋರಿನ ಲೆಕ್ಕಕ್ಕೂ ಗೋದಾಮಿನಲ್ಲಿದ್ದ ಮಾಲಿಗೂ ತಾಳೆಯಾಗದೆ ಎಲ್ಲರೂ ತಲೆ ಕೆಡಿಸಿಕೊಂಡಿದ್ದರಲ್ಲ, ನೀನು ಹಳೇ ಬಿಲ್ಲುಗಳನ್ನು ಒಂದೊಂದಾಗಿ ತೆಗೆದು ನೋಡಿ, ಸಪ್ಲೈಯರ್ ಬಾಕ್ಸ್ ಲೆಕ್ಕದಲ್ಲಿ ಬರೆದದ್ದನ್ನು ನಮ್ಮವರು ಪೀಸ್ ಅಂತ ಎಂಟ್ರಿ ಮಾಡಿದ್ದಾರೆ ಅಂತ ಹಿಡಿದೆ. ಅದನ್ನು ಹೇಳು. ನನಗೆ ಅದನ್ನು ಹೇಳುವಾಗ ನಿನ್ನ ಮಾತು ಒಮ್ಮೆಯೂ ತಡವರಿಸಿರಲಿಲ್ಲ. "ನಾವು ಪತ್ತೆ ಮಾಡಿದೆವು" ಅನ್ನಬೇಡ, "ನಾನು ಪತ್ತೆ ಮಾಡಿದೆ" ಅನ್ನು. ಜಂಬ ಅನ್ನಿಸೀತು ಅಂತ ಸಂಕೋಚ ಪಡುತ್ತೀಯ, ನನಗೆ ಗೊತ್ತು. ಆದರೆ ಅವರು ಕೆಲಸಕ್ಕೆ ತೆಗೆದುಕೊಳ್ಳುವುದು ನಿನ್ನನ್ನು, ನಿನ್ನ ಹಳೇ ಟೀಮನ್ನಲ್ಲ.

ಇನ್ನು ನೀನು ಹೆಚ್ಚು ಹೆದರಿರುವ ಪ್ರಶ್ನೆ. ರೆಸ್ಯೂಮೆಯಲ್ಲಿರುವ ಗ್ಯಾಪ್, ಅಂದರೆ ನೀನು ಕೆಲಸ ಇಲ್ಲದೆ ಇದ್ದ ಅವಧಿ. ಅದನ್ನು ಕೇಳಿಯೇ ಕೇಳುತ್ತಾರೆ ಅಂತ ಇಟ್ಟುಕೋ. ಹೀಗೆ ಹೇಳು: "ತಂದೆಗೆ ಹುಷಾರಿರಲಿಲ್ಲ. ನೋಡಿಕೊಳ್ಳಲು ನಾನು ಮನೆಯಲ್ಲಿರಬೇಕಾಯಿತು. ಈಗ ಅವರು ಚೇತರಿಸಿಕೊಂಡಿದ್ದಾರೆ, ನಾನು ಪೂರ್ತಿ ಸಮಯ ಕೆಲಸಕ್ಕೆ ಬರಬಲ್ಲೆ." ಇಷ್ಟು ಹೇಳಿ ನಿಲ್ಲಿಸು. ಕ್ಷಮೆ ಕೇಳಬೇಡ, ಆಸ್ಪತ್ರೆಯ ಕತೆ ಬಿಚ್ಚಬೇಡ. ಅಪ್ಪನನ್ನು ನೋಡಿಕೊಂಡದ್ದಕ್ಕೆ ಯಾರ ಮುಂದೆಯೂ ತಲೆ ತಗ್ಗಿಸುವ ಅಗತ್ಯ ನಿನಗಿಲ್ಲ. ನಿನ್ನ ಉತ್ತರದ ನಂತರ ಒಂದೆರಡು ಕ್ಷಣ ಯಾರೂ ಮಾತಾಡದೆ ಇರಬಹುದು. ಆ ಮೌನ ತುಂಬಿಸಲು ಹೋಗಬೇಡ, ಜನ ಎಡವುವುದು ಅಲ್ಲೇ.

ಕೆಲವು ವರ್ಷಗಳಿಂದ ನಾನೂ ಮೇಜಿನ ಆ ಕಡೆ ಕೂರುತ್ತಿದ್ದೇನಲ್ಲ, ಅಲ್ಲಿಂದ ಕಾಣುವುದನ್ನು ಹೇಳುತ್ತೇನೆ. ನಮ್ಮ ಮುಂದೆ ಒಂದು ಹಾಳೆ ಇರುತ್ತದೆ. ಬಂದವರಿಗೆಲ್ಲ ಹೆಚ್ಚುಕಡಿಮೆ ಅದೇ ಪ್ರಶ್ನೆಗಳು, ಒಂದೊಂದಕ್ಕೂ ಅಂಕ. ನೀನು ಮಾತಾಡುವಾಗ ಯಾರಾದರೂ ತಲೆ ಬಗ್ಗಿಸಿದರೆ ಬೇಜಾರಾಗಿದೆ ಅಂತ ಅಂದುಕೊಳ್ಳಬೇಡ. ಬಹಳ ಸಲ ಅವರು ನೀನು ಹೇಳಿದ್ದನ್ನೇ ಬರೆದುಕೊಳ್ಳುತ್ತಿರುತ್ತಾರೆ. ನಿನ್ನ ಕೈ ನಡುಗುವುದು ನಿನಗೆ ಕಾಣುವಷ್ಟು ನಮಗೆ ಕಾಣುವುದೇ ಇಲ್ಲ. ಇದು ನನ್ನ ಅನುಭವ ಮಾತ್ರ ಅಲ್ಲ. ಸಾವಿಟ್ಸ್ಕಿ ಮತ್ತು ಗಿಲೊವಿಚ್ ಅನ್ನುವ ಸಂಶೋಧಕರು 2003ರಲ್ಲಿ ಮಾಡಿದ ಪ್ರಯೋಗದಲ್ಲಿ, "ನಿಮ್ಮ ಗಾಬರಿ ನೀವಂದುಕೊಂಡಷ್ಟು ಹೊರಗೆ ಕಾಣುವುದಿಲ್ಲ" ಅಂತ ಮೊದಲೇ ತಿಳಿಸಿದವರು ಉಳಿದವರಿಗಿಂತ ಚೆನ್ನಾಗಿ ಭಾಷಣ ಮಾಡಿದರು. ನಿನಗೂ ಈಗ ತಿಳಿಸಿದ್ದೇನೆ, ಅಲ್ವಾ?

ಗೊತ್ತಿಲ್ಲದ್ದನ್ನು ಕೇಳಿದರೆ ಗೊತ್ತಿಲ್ಲ ಅನ್ನು, ಗೊತ್ತು ಮಾಡಿಕೊಳ್ಳಬೇಕಾದರೆ ಎಲ್ಲಿಂದ ಶುರು ಮಾಡುತ್ತೀಯ ಅನ್ನುವುದನ್ನೂ ಸೇರಿಸು. ಸುಮ್ನೆ ಏನೋ ಒಂದು ಹೇಳಿದರೆ ಮುಂದಿನ ಪ್ರಶ್ನೆಯಲ್ಲೇ ಸಿಕ್ಕಿಬೀಳುತ್ತೀಯ. ತಲೆ ಖಾಲಿಯಾದರೆ "ಸ್ವಲ್ಪ ಯೋಚಿಸಿ ಹೇಳುತ್ತೇನೆ" ಅಂತ ಕೇಳಬಹುದು, ಯಾರೂ ತಪ್ಪು ತಿಳಿಯುವುದಿಲ್ಲ. ಕೊನೆಗೆ ನಿನ್ನ ಕಡೆಯಿಂದ ಏನಾದರೂ ಪ್ರಶ್ನೆ ಇದೆಯಾ ಅನ್ನುತ್ತಾರೆ. ಮೊದಲ ಆರು ತಿಂಗಳಲ್ಲಿ ಈ ಕೆಲಸದಿಂದ ಏನನ್ನು ನಿರೀಕ್ಷಿಸುತ್ತೀರಿ ಅಂತ ಕೇಳು. ಅದರ ಉತ್ತರ ನಿನಗೂ ಬೇಕು. ಅಲ್ಲಿ ಸೇರಬೇಕೋ ಬೇಡವೋ ಅಂತ ನೀನೂ ತೀರ್ಮಾನ ಮಾಡಬೇಕಲ್ಲ.

ಬುಧವಾರ ಸಂಜೆ ಫೋನ್ ಮಾಡು. ವಿಡಿಯೋ ಹಾಕಿಕೋ, ಗುರುವಾರ ಹಾಕುವ ಶರ್ಟನ್ನೇ ಹಾಕಿಕೊಂಡು ಕೂರು. ನಾನು ಪ್ರಶ್ನೆ ಕೇಳುತ್ತೇನೆ, ಮಧ್ಯೆ ನಗುವುದಿಲ್ಲ, ನೆರವಿಗೂ ಬರುವುದಿಲ್ಲ. ಗ್ಯಾಪ್ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ಅದನ್ನು ಗಟ್ಟಿಯಾಗಿ ಹೇಳಿ ಅಭ್ಯಾಸ ಮಾಡಿಕೊಂಡು ಬಾ.

ನಿನ್ನ
ಗೆಳೆಯ