ದೊಡ್ಡಯ್ಯನಿಗೆ, ಮತ್ತು ನನ್ನ ಕೈಬಿಡದ ಎಲ್ಲರಿಗೆ

ಕಳೆದ ವಾರ ಬ್ಯಾಂಕಿಗೆ ಹೋಗಿ ಮುದ್ರಾ ಸಾಲದ ಕೊನೆಯ ಕಂತನ್ನು ಕಟ್ಟಿ ಬೇಬಾಕಿ ಪತ್ರವನ್ನು ಪಡೆದುಕೊಂಡು ಬಂದೆ. ಮಂಡ್ಯದ ಗುತ್ತಲು ರಸ್ತೆಯ ಕಡೆ ಒಂದು ಸಣ್ಣ ಕೋಣೆಯಲ್ಲಿ ಆರಂಭಿಸಿದ ಕಡಲೆ ಮಿಠಾಯಿ ಮತ್ತು ಬೆಲ್ಲದ ಪುಡಿಯ ಕಸುಬು ಈಗ ಯಾರ ಸಾಲದಲ್ಲೂ ಇಲ್ಲ. ಹಣದ ಋಣ ತೀರಿತು. ತೀರದ ಋಣಗಳನ್ನು ಹೆಸರಿಸಿ ಹೇಳಿಕೊಳ್ಳಲಾದರೂ ಇದು ತಕ್ಕ ಸಮಯವೆಂದು ತೋರಿದ್ದರಿಂದ ಇದನ್ನು ಬರೆಯುತ್ತಿದ್ದೇನೆ. ನಾನು ಮೈಸೂರಿನ ಕೇಂದ್ರ ಕಾರಾಗೃಹದಲ್ಲಿ ಶಿಕ್ಷೆ ಮುಗಿಸಿ ಬಂದವನೆಂಬುದು ನನ್ನನ್ನು ಬಲ್ಲವರಿಗೆಲ್ಲ ಗೊತ್ತು, ಪ್ರಕರಣವೂ ಗೊತ್ತು. ಅದನ್ನು ಇಲ್ಲಿ ಮತ್ತೆ ಬಿಡಿಸುವುದಿಲ್ಲ. ನಾನು ಹೇಳಬೇಕಾಗಿರುವುದು ಗೋಡೆಯ ಒಳಗೆ ನಡೆದ ಸ್ವಉದ್ಯೋಗ ತರಬೇತಿಯ ಬಗ್ಗೆ, ಆ ತರಬೇತಿಯನ್ನು ನಾನು ಮುಗಿಸುವಂತೆ ಮಾಡಿದ ಸಹಕೈದಿ ದೊಡ್ಡಯ್ಯನ ಬಗ್ಗೆ.

ಜೈಲಿನಲ್ಲಿ ಕೈಕೆಲಸ ಕಲಿಯುವುದು ಹೊಸದೇನಲ್ಲ. ಮರಗೆಲಸ, ನೇಯ್ಗೆ, ಹೊಲಿಗೆ, ಬೇಕರಿ ಎಲ್ಲವೂ ನಮ್ಮ ರಾಜ್ಯದ ಕಾರಾಗೃಹಗಳಲ್ಲಿ ಬಹಳ ಕಾಲದಿಂದ ಇವೆ. ಆದರೆ ಹೊರಗೆ ಬಂದ ಮೇಲೆ ಆ ಕೈಕೆಲಸವನ್ನು ನಂಬಿ ಕೆಲಸ ಕೇಳಲು ಹೋದರೆ, ಪೊಲೀಸ್ ಪರಿಶೀಲನೆಯ ಪತ್ರ ತನ್ನಿ ಎನ್ನುತ್ತಾರೆ. ಮಾತು ಅಲ್ಲಿಗೇ ನಿಲ್ಲುತ್ತದೆ. ಆದ್ದರಿಂದ ಶಿಕ್ಷೆ ಮುಗಿಸಿದವನಿಗೆ ಸ್ವಂತ ಕಸುಬೆನ್ನುವುದು ಹಲವು ದಾರಿಗಳಲ್ಲಿ ಒಂದಲ್ಲ, ಎಷ್ಟೋ ಸಲ ಅದೊಂದೇ ದಾರಿ. ವಸ್ತುವನ್ನು ಮಾಡುವುದರ ಜೊತೆಗೆ ಅದಕ್ಕೆ ಬೆಲೆ ಕಟ್ಟುವುದು, ಲೆಕ್ಕ ಬರೆಯುವುದು, ಕೊಳ್ಳುವವರ ಕಣ್ಣು ನೋಡಿ ಮಾತಾಡುವುದು, ಇವನ್ನೂ ಕಲಿಸುವ ತರಗತಿ ಎಲ್ಲ ಜೈಲುಗಳಲ್ಲೂ, ಮಹಿಳಾ ಬ್ಯಾರಕ್‌ಗಳಲ್ಲೂ ತಪ್ಪದೆ ನಡೆಯಬೇಕೆಂದು ನಾನು ಗಟ್ಟಿಯಾಗಿ ನಂಬಿದ್ದೇನೆ.

1982ರಲ್ಲಿ ಉಜಿರೆಯಲ್ಲಿ ಸ್ವಉದ್ಯೋಗ ತರಬೇತಿ ಕೊಡುವ ರುಡ್‌ಸೆಟ್ ಸಂಸ್ಥೆ ಆರಂಭವಾದಾಗಿನಿಂದ ನಮ್ಮ ಹಳ್ಳಿಗಳ ನಿರುದ್ಯೋಗಿ ಯುವಕರು ಯಾವ ಪದ್ಧತಿಯಲ್ಲಿ ಕಲಿಯುತ್ತ ಬಂದಿದ್ದಾರೋ ಹೆಚ್ಚುಕಡಿಮೆ ಅದೇ ಪದ್ಧತಿಯಲ್ಲಿ ನಮಗೂ ಪಾಠಗಳು ನಡೆದವು. ಬೆಳಿಗ್ಗೆ ಒಬ್ಬೊಬ್ಬರಾಗಿ ಎದ್ದು ನಿಂತು ಹಿಂದಿನ ದಿನದ ಪಾಠವನ್ನು ನಾಲ್ಕು ಮಾತಿನಲ್ಲಿ ಹೇಳಬೇಕು. ನ್ಯಾಯಾಲಯದಲ್ಲಿ ಹೆಸರು ಕೂಗಿದಾಗ ಬಿಟ್ಟರೆ ಬೇರೆಲ್ಲೂ ಎದ್ದು ನಿಂತು ಮಾತಾಡದಿದ್ದ ನನ್ನಂಥವನಿಗೆ ಮೊದಲ ಕೆಲವು ದಿನ ನಾಲಿಗೆಯೇ ಹೊರಳಲಿಲ್ಲ. ಮೇಷ್ಟ್ರು ಕಾದರು. ಗದರಲಿಲ್ಲ, ನನ್ನ ಬದಲಿಗೆ ತಾವೇ ಹೇಳಿಬಿಡಲೂ ಇಲ್ಲ.

ಅವರು ಆಡಿಸಿದ ರಿಂಗ್ ಎಸೆಯುವ ಆಟವನ್ನು ನಾನು ಮರೆಯುವ ಹಾಗಿಲ್ಲ. ನೆಲದ ಮೇಲೆ ಒಂದು ಗೂಟ, ಅದರಿಂದ ದೂರ ದೂರಕ್ಕೆ ಸೀಮೆಸುಣ್ಣದ ಗೆರೆಗಳು. ಯಾವ ಗೆರೆಯಿಂದ ಎಸೆಯಬೇಕೆಂಬುದನ್ನು ನಾವೇ ಆರಿಸಿಕೊಳ್ಳಬೇಕು. ಹತ್ತಿರದಿಂದ ಹಾಕಿದರೆ ಕಡಿಮೆ ಅಂಕ, ದೂರದಿಂದ ಹಾಕಿದರೆ ಹೆಚ್ಚು. ನಮ್ಮಲ್ಲಿ ಹೆಚ್ಚಿನವರು ಹೋಗಿ ನಿಂತದ್ದು ಕಟ್ಟಕಡೆಯ ಗೆರೆಯಲ್ಲಿ. ರಿಂಗು ಗೂಟಕ್ಕೆ ಬೀಳಲಿಲ್ಲ. ಹೋದ ಅಂಕವನ್ನು ಒಂದೇ ಏಟಿಗೆ ಹಿಂದಕ್ಕೆ ಪಡೆಯಬೇಕೆಂದು ಮತ್ತೂ ಹಿಂದೆ ಸರಿದು ಎಸೆದೆವು. ಆಮೇಲೆ ಮೇಷ್ಟ್ರು ಒಬ್ಬೊಬ್ಬರನ್ನೂ ಕೇಳಿದ ಪ್ರಶ್ನೆ ಒಂದೇ: "ಅಲ್ಲಿ ನಿಂತರೆ ಬೀಳುತ್ತದೆ ಅಂತ ನಿಮಗೆ ಅನ್ನಿಸಿತ್ತೇ?" ಯಾರಿಗೂ ಅನ್ನಿಸಿರಲಿಲ್ಲ. ಬಿದ್ದರೆ ಬೀಳಲಿ, ಇಲ್ಲದಿದ್ದರೆ ಹೋಗಲಿ ಎಂದು ಎಸೆದಿದ್ದೆವು. ಅಮೆರಿಕದ ಮನಶ್ಶಾಸ್ತ್ರಜ್ಞ ಡೇವಿಡ್ ಮೆಕ್ಲೆಲೆಂಡ್ 1964ರಲ್ಲಿ ಆಂಧ್ರದ ಕಾಕಿನಾಡದ ಸಣ್ಣ ಉದ್ಯಮಿಗಳಿಗೆ ತರಬೇತಿ ಕೊಡಿಸಿ, ಸಾಧಿಸಬೇಕೆಂಬ ಹಟವೂ ಕಲಿಸಿದರೆ ಬರುವಂಥದ್ದೇ ಎಂದು ತೋರಿಸಿಕೊಟ್ಟ ಸಂಗತಿಯನ್ನೂ, ಕೈಗೆಟಕುವಷ್ಟು ಆದರೆ ಪ್ರಯತ್ನ ಬೇಡುವಷ್ಟು ದೂರವನ್ನು ಆರಿಸಿಕೊಳ್ಳುವವನೇ ಕಸುಬಿನಲ್ಲಿ ನಿಲ್ಲುತ್ತಾನೆಂಬುದನ್ನೂ ಮೇಷ್ಟ್ರು ಆಮೇಲೆ ವಿವರಿಸಿದರು. ನನಗೆ ಆ ದಿನ ತಿಳಿದದ್ದು ಇಷ್ಟು: ನಾನು ಬದುಕಿದ ರೀತಿಯನ್ನು ಯಾರೋ ಸೀಮೆಸುಣ್ಣದಲ್ಲಿ ನೆಲದ ಮೇಲೆ ಬರೆದು ತೋರಿಸಿದ್ದರು. ಹತ್ತಿರದ ಗೆರೆಯಲ್ಲಿ ನಿಲ್ಲುವುದು ಅವಮಾನ, ದೂರದ್ದು ಗಂಡಸುತನ ಎಂದುಕೊಂಡು ಬೆಳೆದವನಿಗೆ, ನಡುವೆ ನಿಂತು ಗುರಿಯಿಡುವುದನ್ನು ಕಲಿಯಲು ಅಲ್ಲಿಯವರೆಗೆ ಹೋಗಬೇಕಾಯಿತು.

ಈಗ ದೊಡ್ಡಯ್ಯನ ಮಾತಿಗೆ ಬರುತ್ತೇನೆ. ಬ್ಯಾರಕ್‌ನಲ್ಲಿ ಎಲ್ಲರೂ ಅವರನ್ನು ಹಾಗೆಯೇ ಕರೆಯುತ್ತಿದ್ದುದರಿಂದ ಇಲ್ಲೂ ಹಾಗೆಯೇ ಕರೆಯುತ್ತೇನೆ. ಪಾಂಡವಪುರದ ಕಡೆಯ ಆಲೆಮನೆಗಳಲ್ಲಿ ಅರ್ಧ ಆಯಸ್ಸು ಕಳೆದವರು. ಓದು ಬರಹ ಬಾರದು. ಸಣ್ಣಗೆ ಬಾಗಿದ ಬೆನ್ನು, ಕೊಪ್ಪರಿಗೆಯ ಪಕ್ಕ ನಿಂತು ನಿಂತು ಕೂದಲೆಲ್ಲ ಸುಟ್ಟುಹೋದ ಮುಂಗೈ. ಬೆಲ್ಲದಿಂದ ಏನಾದರೂ ಮಾಡಬೇಕೆಂಬ ಆಲೋಚನೆ ನನಗೆ ಹುಟ್ಟಿದ್ದೇ ಅವರ ಮಾತು ಕೇಳಿ. ಗಿರಾಕಿಗೆ ಹಳದಿ ಬಣ್ಣ ಬೇಕೆಂದು ಹೈಡ್ರೋಸ್ ಎಂಬ ರಾಸಾಯನಿಕ ಹಾಕಿ ಬೆಳ್ಳಗಾಗಿಸಿದ ಅಚ್ಚು ಯಾವುದು, ಬೆಂಡೆ ಗಿಡದ ಲೋಳೆ ಹಾಕಿ ಕಸ ತೆಗೆದು ಕಾಯಿಸಿದ ಕಂದು ಬೆಲ್ಲ ಯಾವುದು, ಮಳೆಗಾಲದಲ್ಲಿ ಬೆಲ್ಲ ಏಕೆ ನೀರು ಬಿಡುತ್ತದೆ, ಬೆಲೆ ಇಳಿದಾಗ ಕೊಂಡು ತೇವ ತಾಗದಂತೆ ಇಟ್ಟುಕೊಂಡವನು ಹೇಗೆ ಉಳಿಯುತ್ತಾನೆ, ಇದೆಲ್ಲ ಅವರು ಊಟದ ತಟ್ಟೆ ತೊಳೆಯುತ್ತ ಹೇಳಿದ್ದು. ಕಡಲೆ ಮಿಠಾಯಿಯ ಪಾಕದ ಹದವನ್ನೂ ಅವರು ಬರಿಯ ಮಾತಿನಲ್ಲೇ ಕಲಿಸಿದರು: ತಣ್ಣೀರಿನ ಬಟ್ಟಲಿಗೆ ಒಂದು ತೊಟ್ಟು ಪಾಕ ಬಿಟ್ಟರೆ ಅದು ತಳದಲ್ಲಿ ಹರಡದೆ ಗಟ್ಟಿಯಾಗಿ ಕೂರಬೇಕು, ಎತ್ತಿ ಮುರಿದರೆ ಎಳೆ ಬರದೆ ಪಟ್ಟನೆ ಮುರಿಯಬೇಕು; ಬಾಗಿದರೆ ಇನ್ನೂ ಬೇಯಲಿ, ಸುಟ್ಟ ವಾಸನೆ ಬಂದರೆ ಆ ಪಾಕವನ್ನು ಯಾರಿಗೂ ಮಾರಬೇಡ. ಇಂದಿಗೂ ನನ್ನ ಒಲೆಯ ಪಕ್ಕ ಆ ಬಟ್ಟಲು ಇದೆ, ಥರ್ಮಾಮೀಟರ್ ಇಲ್ಲ.

ತರಬೇತಿ ಅರ್ಧಕ್ಕೆ ಬಂದಿದ್ದಾಗ ನನ್ನ ಅವ್ವ ತೀರಿಕೊಂಡರು. ಮಣ್ಣು ಮಾಡಿ ಮುಗಿದ ಮೇಲೆಯೇ ನನಗೆ ತಿಳಿಸಬೇಕೆಂದು ಮನೆಯವರು ತೀರ್ಮಾನಿಸಿದ್ದರು. ನನ್ನ ಮೇಲಿನ ಕಾಳಜಿಯಿಂದಲೇ ಹಾಗೆ ಮಾಡಿದರು, ಅವರ ಮೇಲೆ ನನಗೆ ಕೋಪವಿಲ್ಲ. ಅಕ್ಕ ಮುಲಾಕತ್ತಿಗೆ ಬಂದು ಜಾಲರಿಯ ಆಚೆ ನಿಂತು ಹೇಳಿದಳು. ಆ ರಾತ್ರಿಯ ಬಗ್ಗೆ ಹೆಚ್ಚು ಬರೆಯಲಾರೆ. ಬ್ಯಾರಕ್‌ನಲ್ಲಿ ರಾತ್ರಿ ದೀಪ ಆರಿಸುವುದಿಲ್ಲವಾದ್ದರಿಂದ ಅಳಲು ಕತ್ತಲೆ ಕೂಡ ಇರುವುದಿಲ್ಲ. ನಾನು ಬದುಕಿರುವುದು ಬೇಡವೆಂದು ತೀರ್ಮಾನಿಸಿದ್ದೆ, ಹೇಗೆಂಬುದನ್ನು ಮಾತ್ರ ಯೋಚಿಸುತ್ತಿದ್ದೆ. ದೊಡ್ಡಯ್ಯ ತಮ್ಮ ಕಂಬಳಿ ಎಳೆದುಕೊಂಡು ಬಂದು ನನ್ನ ಪಕ್ಕ ಗೋಡೆಗೆ ಒರಗಿ ಕೂತರು. ಸಮಾಧಾನದ ಮಾತು ಒಂದನ್ನೂ ಆಡಲಿಲ್ಲ. "ನಿಮ್ಮವ್ವ ನಿನ್ನ ಏನಂತ ಕರೀತಿದ್ಲು?" ಎಂದು ಕೇಳಿದರು. ಹೇಳಿದೆ. ಮನೆಯಲ್ಲಿ ಎಷ್ಟು ದನ ಇದ್ದವು, ಯಾವ ಹಸು ಅವಳಿಗೆ ಮಾತ್ರ ಹಾಲು ಕರೆಯಲು ಬಿಡುತ್ತಿತ್ತು, ಮುದ್ದೆ ತೊಳಸುವಾಗ ಏನು ಗೊಣಗುತ್ತಿದ್ದಳು, ಸಂತೆಗೆ ಹೋದರೆ ನನಗೆ ಏನು ತರುತ್ತಿದ್ದಳು ಎಂದು ಒಂದರ ಮೇಲೊಂದು ಕೇಳುತ್ತಲೇ ಹೋದರು. ನಾನು ಸುಮ್ಮನಾದಾಗಲೆಲ್ಲ ಮತ್ತೊಂದು ಪ್ರಶ್ನೆ. ಬೆಳಿಗ್ಗೆ ಎಣಿಕೆಗೆ ಬಾಗಿಲು ತೆರೆಯುವವರೆಗೂ ಆ ಮುದುಕರು ಕಣ್ಣು ಮುಚ್ಚಲಿಲ್ಲ. ಯಾವ ಸಂಸ್ಥೆಯೂ, ಯಾವ ಪಾಠವೂ ಕೊಡಲಾಗದ್ದನ್ನು ಅವರು ಆ ರಾತ್ರಿ ಕೊಟ್ಟರು. ನಾನು ಇಂದು ಇದ್ದೇನೆಂಬುದಕ್ಕೆ ಬೇರೆ ಕಾರಣ ನನಗೆ ತಿಳಿಯದು.

ಅದಾದ ಮೇಲೆ ಕೆಲವು ದಿನ ನಾನು ತರಗತಿಗೆ ಹೋಗಲಿಲ್ಲ. ಮೇಷ್ಟ್ರ ಅನುಮತಿ ಪಡೆದು ನನ್ನ ಬದಲಿಗೆ ದೊಡ್ಡಯ್ಯ ಹೋಗಿ ಬಾಗಿಲ ಬಳಿ ಕೂತರು. ರಂಗಕರ್ಮಿ ಹುಲುಗಪ್ಪ ಕಟ್ಟೀಮನಿಯವರು ಕಾರಾಗೃಹದ ಕೈದಿಗಳಿಂದ ನಾಟಕ ಆಡಿಸಿದ್ದು ಮೈಸೂರಿನವರಿಗೆ ಚೆನ್ನಾಗಿ ತಿಳಿದ ವಿಷಯ. ಒಳಗೆ ನಡೆದ ಅಂಥ ಒಂದು ನಾಟಕದಲ್ಲಿ ದೊಡ್ಡಯ್ಯನಿಗೂ ಒಂದು ಪಾತ್ರವಿತ್ತಂತೆ, ಸಾಲು ಓದಲು ಬಾರದೆ ಕೇಳಿ ಕೇಳಿಯೇ ಬಾಯಿಪಾಠ ಮಾಡಿದ್ದರಂತೆ. ಅದೇ ನೆನಪಿನ ಶಕ್ತಿಯಿಂದ ಇಡೀ ದಿನದ ಪಾಠವನ್ನು ಹೊತ್ತು ತಂದು ಸಂಜೆ ನನ್ನ ಮುಂದೆ ಒಪ್ಪಿಸುತ್ತಿದ್ದರು. ಲಾಭವೂ ಇಲ್ಲದ ನಷ್ಟವೂ ಇಲ್ಲದ ಸಮತೋಲನದ ಹಂತವನ್ನು ಮೇಷ್ಟ್ರು ಹಲಗೆಯ ಮೇಲೆ ಗೆರೆ ಎಳೆದು ವಿವರಿಸಿದ್ದರಂತೆ. ದೊಡ್ಡಯ್ಯ ನನ್ನ ಭುಜ ಅಲುಗಿಸಿ ಹೇಳಿದ್ದು ಹೀಗೆ: "ಏಳ್ಲಾ ಮಗ, ಕೇಳಿಸ್ಕೋ. ಗಾಡಿ ಬಾಡ್ಗೆ, ಸುಂಕ, ಆಳಿನ ಕೂಲಿ ಹುಟ್ಟೋಗಂಟ ನೀ ಮಾರಿದ್ದೆಲ್ಲ ಸಂತೆದು ಕಣ್ಲಾ. ಅದಾದ್ಮೇಲೆ ಮಾರಿದ್ದು ಮಾತ್ರ ನಿಂದು." ಆಮೇಲೆ ಎಷ್ಟೋ ಪುಸ್ತಕಗಳಲ್ಲಿ ಅದೇ ವಿಷಯವನ್ನು ಓದಿದ್ದೇನೆ, ಇದಕ್ಕಿಂತ ಚೆನ್ನಾಗಿ ಯಾರೂ ಹೇಳಿಲ್ಲ. ನಾನು ಎದ್ದು ಕೂತದ್ದು, ಮರುದಿನದಿಂದ ತರಗತಿಗೆ ಹೋದದ್ದು, ಕೊನೆಯಲ್ಲಿ ಯೋಜನಾ ವರದಿಯನ್ನು ಬರೆದು ಹೊರಗಿನಿಂದ ಬಂದ ವ್ಯಾಪಾರಸ್ಥರ ಮುಂದೆ ನಿಂತು ಓದಿದ್ದು ಎಲ್ಲವೂ ಆ ಸಂಜೆಗಳ ಫಲ. ಆ ವರದಿಯ ಖರ್ಚಿನ ಪಟ್ಟಿಯಲ್ಲಿ ಮಳೆಗಾಲದ ದಾಸ್ತಾನಿಗೆಂದು ನಾನು ಬೇರೆ ಮೊತ್ತ ತೆಗೆದಿಟ್ಟದ್ದನ್ನು ನೋಡಿ ಬಂದವರಲ್ಲೊಬ್ಬರು ಆಶ್ಚರ್ಯಪಟ್ಟರು. ಅದು ದೊಡ್ಡಯ್ಯನ ಸಾಲು.

ಬಿಡುಗಡೆಯಾದ ಮೇಲಿನ ಸಂಗತಿಗಳು ನಿಮ್ಮಲ್ಲಿ ಅನೇಕರ ಕಣ್ಣೆದುರೇ ನಡೆದಿವೆ. ಮನೆಯ ಮುಂದಿನ ಕೋಣೆ ಬಿಟ್ಟುಕೊಟ್ಟ ಭಾವ, ಹಳೆಯ ಬಾಣಲೆ ಮತ್ತು ತಕ್ಕಡಿ ಕೊಟ್ಟ ಗೆಳೆಯರು, ಉದ್ಯಮ ನೋಂದಣಿಯನ್ನು ದುಡ್ಡಿಲ್ಲದೆ ಮಾಡಿಸಬಹುದೆಂದು ತೋರಿಸಿಕೊಟ್ಟ ಸೈಬರ್ ಅಂಗಡಿಯ ಹುಡುಗ, ವರ್ಷಕ್ಕೆ 100 ರೂಪಾಯಿ ಕಟ್ಟಿ ಆಹಾರ ಸುರಕ್ಷತೆಯ ನೋಂದಣಿ ಪಡೆಯಲು ನೆರವಾದ ಅಧಿಕಾರಿ, ಮೊದಲ ಡಬ್ಬಿಯನ್ನು ತಮ್ಮ ಗಲ್ಲಾಪೆಟ್ಟಿಗೆಯ ಪಕ್ಕ ಇಟ್ಟುಕೊಂಡ ಚಹಾ ಅಂಗಡಿಯವರು, ಎಲ್ಲರಿಗೂ ನನ್ನ ನಮಸ್ಕಾರ. ಅಕ್ಕನಿಗೆ ಕೃತಜ್ಞತೆ ಹೇಳಿದರೆ ಬೈಯುತ್ತಾಳೆ, ಆದರೂ ಹೇಳುತ್ತೇನೆ.

ಬ್ಯಾಂಕಿನ ವ್ಯವಸ್ಥಾಪಕಿಯವರ ಬಗ್ಗೆ ಮಾತ್ರ ಎರಡು ಮಾತು ಹೆಚ್ಚು ಹೇಳಬೇಕು. ಮೊದಲು ಹೋದ ಕಡೆ ನನ್ನ ಅರ್ಜಿ ಮೇಜಿನ ಮೇಲೆಯೇ ಉಳಿದುಹೋಗಿತ್ತು. ಇವರು ಅರ್ಜಿಯನ್ನು ಪೂರ್ತಿ ಓದಿ, ಇಷ್ಟು ವರ್ಷ ಏನು ಮಾಡುತ್ತಿದ್ದಿರಿ ಎಂದು ಕೇಳಿದರು. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಜೈಲಿನ ಬಗ್ಗೆ ಏನನ್ನೂ ಕೇಳದೆ, "ಮುದ್ರಾದ ಶಿಶು ಸಾಲ 50,000 ರೂಪಾಯಿವರೆಗೆ ಸಿಗುತ್ತದೆ, ನೀವು ಅದಕ್ಕಿಂತ ಕಡಿಮೆ ಏಕೆ ಕೇಳಿದ್ದೀರಿ?" ಎಂದರು. ತಿಂಗಳಿಗೆ ಎಷ್ಟು ಮಿಠಾಯಿ ಮಾರಬಲ್ಲೆ, ಅದರಲ್ಲಿ ಎಷ್ಟು ಕಂತು ಕಟ್ಟಬಲ್ಲೆ ಎಂಬ ಲೆಕ್ಕದ ಹಾಳೆಯನ್ನು ಮುಂದಿಟ್ಟೆ. ಸೀಮೆಸುಣ್ಣದ ಗೆರೆಗಳಲ್ಲಿ ನಡುವಿನದನ್ನು ನಾನಾಗಿ ಆರಿಸಿಕೊಂಡ ಮೊದಲ ಸಂದರ್ಭ ಅದು. ಅವರು ಸಹಿ ಹಾಕಿದರು.

ನನ್ನ ಏಳಿಗೆಯ ಸುದ್ದಿ ಒಂದು ಮನೆಯಲ್ಲಿ ಸಂತೋಷ ತರುವುದಿಲ್ಲವೆಂಬುದು ನನಗೆ ಗೊತ್ತಿದೆ. ಆ ಮನೆಯವರ ನೋವಿನ ಮುಂದೆ ಈ ಕೃತಜ್ಞತೆಯ ಮಾತುಗಳಿಗೆ ಯಾವ ಬೆಲೆಯೂ ಇಲ್ಲ, ಅವರಿಂದ ನಾನು ಏನನ್ನೂ ಕೇಳುವುದೂ ಇಲ್ಲ. ಇದನ್ನು ಬರೆಯದೆ ಉಳಿದದ್ದನ್ನು ಬರೆಯಲು ಮನಸ್ಸು ಒಪ್ಪಲಿಲ್ಲ.

ಮುಂದಿನ ಯೋಜನೆ ಇಷ್ಟು. 2020ರಲ್ಲಿ ಆರಂಭವಾದ ಕಿರು ಆಹಾರ ಸಂಸ್ಕರಣಾ ಉದ್ಯಮಗಳ ಯೋಜನೆಯಲ್ಲಿ ಮಂಡ್ಯ ಜಿಲ್ಲೆಗೆ ಬೆಲ್ಲವನ್ನೇ ಆರಿಸಿರುವುದರಿಂದ, ಪುಡಿ ಮಾಡುವ ಮತ್ತು ತೇವ ತಾಗದಂತೆ ಪೊಟ್ಟಣ ಕಟ್ಟುವ ಯಂತ್ರಗಳಿಗೆ ಅದರಲ್ಲಿ ಅರ್ಜಿ ಹಾಕುತ್ತಿದ್ದೇನೆ; ಶೇಕಡಾ 35ರಷ್ಟು ಸಹಾಯಧನ ದೊರೆತರೆ ಇನ್ನಿಬ್ಬರಿಗೆ ಕೆಲಸ ಕೊಡಬಹುದು. ಆ ಇಬ್ಬರಲ್ಲಿ ಒಬ್ಬರಾದರೂ ಶಿಕ್ಷೆ ಮುಗಿಸಿ ಬಂದವರಾಗಿರಬೇಕೆಂದು ನಿಶ್ಚಯಿಸಿದ್ದೇನೆ. ದೊಡ್ಡಯ್ಯ ಇನ್ನೂ ಒಳಗೇ ಇದ್ದಾರೆ, ಸನ್ನಡತೆಯ ಆಧಾರದ ಬಿಡುಗಡೆಗಾಗಿ ಕಾಯುತ್ತಿದ್ದಾರೆ. ಈ ಬರಹವನ್ನು ಮುಂದಿನ ಮುಲಾಕತ್ತಿನಲ್ಲಿ ಅವರಿಗೆ ನಾನೇ ಓದಿ ಹೇಳುತ್ತೇನೆ. ಬಂದು ನಮ್ಮೊಡನೆ ಇರಿ ಎಂದು ಅಕ್ಕ ಆಗಲೇ ಹೇಳಿ ಕಳಿಸಿದ್ದಾಳೆ. ಪಾಕದ ಬಳಿ ನಿಲ್ಲಲು ಬಿಡುವುದಾದರೆ ಮಾತ್ರ ಬರುತ್ತೇನೆಂದು ಅವರು ಉತ್ತರ ಕೊಟ್ಟಿದ್ದಾರೆ.

ಹೊಸ ತಂಡದ ತರಬೇತಿಗೆ ಬಂದು ಮಾತಾಡಬೇಕೆಂದು ಮೇಷ್ಟ್ರು ಕರೆದಿದ್ದಾರೆ, ಒಪ್ಪಿಕೊಂಡಿದ್ದೇನೆ. ಅಂಗಡಿಯ ಲೆಕ್ಕದ ಪುಸ್ತಕವನ್ನೇ ತೆಗೆದುಕೊಂಡು ಹೋಗುತ್ತೇನೆ, ನಷ್ಟವಾದ ತಿಂಗಳುಗಳ ಪುಟಗಳನ್ನೂ ಸೇರಿಸಿ.