ಜೆ.ಸಿ. ರಸ್ತೆಯ ಆ ಹಿರಿಯರಿಗೆ

ಮೊನ್ನೆ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ನನ್ನ ಎರಡು ಸಿಲಿಂಡರ್ ಬೈಕ್ ರಾಜದೂತ್ 350 ಸಿಗ್ನಲ್‌ಗೊಂದು ಸಲ ಆಫ್ ಆಗುತ್ತಿತ್ತು. ನೀವು ಟೀ ಲೋಟ ಕೆಳಗಿಟ್ಟು ಬಂದಿರಿ. ಎರಡೂ ಸೈಲೆನ್ಸರ್ ಹಿಂದೆ ಅಂಗೈ ಹಿಡಿದು, "ಎಡಗಡೆದು ಸೋಮಾರಿ ಕಣಪ್ಪಾ" ಅಂದಿರಿ.

ಪೆಟ್ರೋಲ್ ಜಾಸ್ತಿ ಬರಲಿ ಅಂತ ನಾನು ವಾರದಿಂದ ಪೆಟ್ರೋಲ್-ಗಾಳಿ ಬೆರೆಸುವ ಕಾರ್ಬುರೇಟರ್‌ನ ಸ್ಕ್ರೂ ಬಿಚ್ಚುತ್ತಾ ಹೋಗಿದ್ದೆ. ಇದು ಗಾಳಿ ಸ್ಕ್ರೂ, ಬಿಚ್ಚಿದಷ್ಟೂ ಗಾಳಿಯೇ ಜಾಸ್ತಿ ಎಂದು ನೀವು ಹೇಳಿದಾಗ ನಾಚಿಕೆಯಾಯಿತು. ಎರಡೂ ಸಿಲಿಂಡರ್‌ಗಳ ಕಾರ್ಬುರೇಟರ್‌ನ ಗಾಳಿ ಸ್ಕ್ರೂ ಮೆತ್ತಗೆ ಪೂರ್ತಿ ಮುಚ್ಚಿ, ಒಂದೂವರೆ ಸುತ್ತು ಬಿಚ್ಚಿದಿರಿ. ಆಮೇಲೆ ಎರಡೂ ಕಡೆಯ ಹೊಗೆ ಅಂಗೈಗೆ ಒಂದೇ ಸಮ ತಾಗುವವರೆಗೆ, ಗಾಡಿ ನಿಂತಾಗ ಎಂಜಿನ್ ಓಡುವ ವೇಗ ಹೊಂದಿಸುವ ಐಡಲ್ ಸ್ಕ್ರೂ ತಿರುಗಿಸಿದಿರಿ. ಕಾಲು ಸುತ್ತು ತಿರುಗಿಸಿ ಸುಮ್ನೆ ಕೇಳುವುದು, ಮತ್ತೆ ಕಾಲು ಸುತ್ತು. ಎಂಜಿನ್ ಬಿಸಿಯಿರುವಾಗಲೇ ಮಾಡಬೇಕು ಎಂದೂ ಹೇಳಿದಿರಿ.

ದುಡ್ಡು ಕೊಡಲು ಹೋದರೆ ಬೈದಿರಿ. ಹೆಸರು ಕೇಳುವುದೇ ಮರೆತೆ ನೋಡಿ. ತುಂಬಾ ಥ್ಯಾಂಕ್ಸ್ ಸರ್. ಟೌನ್ ಹಾಲ್ ಸಿಗ್ನಲ್‌ನಲ್ಲೂ ಗಾಡಿ ಈಗ ಆಫ್ ಆಗುತ್ತಿಲ್ಲ.