ದುಬೈಗೆ ಹೊರಟವರಿಗೆ: ಫೋನ್ ವಿಷಯ

ಎಲ್ಲರಿಗೂ ನಮಸ್ಕಾರ. ಶನಿವಾರ ರಾತ್ರಿ ನಮ್ಮ ಜೊತೆ ಹೊರಡುವ 14 ಮಂದಿಯೂ ದಯವಿಟ್ಟು ಪೂರ್ತಿ ಓದಿ.

ದುಬೈನಲ್ಲಿ ವಾಟ್ಸಾಪ್ ಕಾಲ್ ಹೋಗುವುದಿಲ್ಲ, ವಿಡಿಯೋ ಕಾಲೂ ಅಷ್ಟೇ. ಮೆಸೇಜ್, ಫೋಟೋ, ವಾಯ್ಸ್ ಮೆಸೇಜ್ ಹೋಗುತ್ತವೆ. ಮನೆಯಲ್ಲಿ ಅಮ್ಮ, ಅಜ್ಜಿಗೆ ಮೊದಲೇ ಹೇಳಿಬಿಡಿ. ಇಲ್ಲದಿದ್ದರೆ ಸುಮ್ನೆ ಗಾಬರಿ ಆಗುತ್ತಾರೆ, ಅಲ್ವಾ? ಇಲ್ಲಿ ರಾತ್ರಿ 9 ಗಂಟೆ ಅಂದರೆ ಅಲ್ಲಿ ಏಳೂವರೆ.

ನಮ್ಮ ಸಿಮ್ ತೆಗೆದಿಡಬೇಡಿ. ಬ್ಯಾಂಕಿನ ಒಟಿಪಿ ಬರುವುದು ಅದಕ್ಕೇ. ಪ್ರೀಪೇಯ್ಡ್ ಇರುವವರು ಇಲ್ಲಿಂದಲೇ ರೋಮಿಂಗ್ ಪ್ಯಾಕ್ ಹಾಕಿಸಿಕೊಳ್ಳಿ.

ಪ್ಯಾಕ್ ಬೇಡ ಅನ್ನುವವರು ವಿಮಾನ ಹತ್ತುವ ಮೊದಲು ಡೇಟಾ ರೋಮಿಂಗ್ ಆಫ್ ಮಾಡಿ. ಹಿಂದೊಮ್ಮೆ ನಾನು ಮರೆತಿದ್ದೆ. ಜೇಬಿನಲ್ಲಿದ್ದ ಫೋನ್ ತನ್ನಷ್ಟಕ್ಕೆ ಫೋಟೋಗಳನ್ನೆಲ್ಲ ಬ್ಯಾಕಪ್ ಮಾಡಿತ್ತು. ಆ ತಿಂಗಳ ಬಿಲ್ ಮನೆಯವರಿಗೆ ಇವತ್ತಿಗೂ ತೋರಿಸಿಲ್ಲ.

ಅಲ್ಲಿನ ಪ್ಲಗ್ ತೂತು ಚಪ್ಪಟೆಯಾದ ಮೂರು ಪಿನ್ನಿನದು. ನಮ್ಮ ಗುಂಡು ಪಿನ್ ಸರಿಯಾಗಿ ಕೂರುವುದಿಲ್ಲ, ಅಡಾಪ್ಟರ್ ತನ್ನಿ. ನನ್ನ ಹತ್ತಿರ ಎರಡು ಜಾಸ್ತಿ ಇವೆ, ಮೊದಲು ಕೇಳಿದವರಿಗೆ.

999 ಪೊಲೀಸ್, 998 ಆಂಬುಲೆನ್ಸ್. ಸೇವ್ ಮಾಡಿಕೊಳ್ಳಿ.

ಪ್ಯಾಕ್ ಹಾಕಿಸುತ್ತೀರೋ ಇಲ್ಲವೋ, ಗುರುವಾರ ಸಂಜೆಯೊಳಗೆ ಇಲ್ಲೇ ತಿಳಿಸಿ. ಬರೀ ಹೆಬ್ಬೆಟ್ಟು ಒತ್ತಬೇಡಿ, ಅದರಿಂದ ಏನೂ ಗೊತ್ತಾಗುವುದಿಲ್ಲ.